ಮೊದಲು ಪರವಾನಗಿ, ಆಮೇಲೆ ಸುದ್ದಿ

ಜುಲೈ 1 ಬಂತೆಂದರೆ ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಎರಡು ಥರದ ಶುಭಾಶಯ ಬಂದು ಬೀಳುತ್ತವೆ. ಒಂದು ಡಾಕ್ಟರ್ಸ್ ಡೇಗೆ, ಇನ್ನೊಂದು ಪತ್ರಿಕಾ ದಿನಕ್ಕೆ. ಎರಡನೆಯದನ್ನು ಫಾರ್ವರ್ಡ್ ಮಾಡೋರು ಕಮ್ಮಿ. ಅದಕ್ಕೆ ಕಾರಣರಾದವರು ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಅವರು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ. ಅದರಲ್ಲಿ ಸರ್ಕಾರದ ಆದೇಶಗಳು, ದೂರದೇಶದ ಸುದ್ದಿ, ಕಥೆ, ಬುದ್ಧಿಮಾತು ಎಲ್ಲಕ್ಕೂ ಜಾಗ ಇತ್ತು. ಒಂದು ವಿಭಾಗದ ಹೆಸರು 'ವೂರ ವರ್ತಮಾನ'. ಅಂದ್ರೆ ಇವತ್ತಿನ ಭಾಷೆಯಲ್ಲಿ ಲೋಕಲ್ ನ್ಯೂಸ್. ಕನ್ನಡ ಪತ್ರಿಕೋದ್ಯಮ ಹುಟ್ಟಿದ್ದೇ ಊರಿನ ಸುದ್ದಿಯನ್ನು ಕೈಯಲ್ಲಿ ಹಿಡಿದುಕೊಂಡು. ಎಂಟು ತಿಂಗಳು ಮಂಗಳೂರಿನಲ್ಲಿ ನಡೆದು, 1844ರಲ್ಲಿ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು.

ಇಷ್ಟು ಎಲ್ಲರೂ ಹೇಳ್ತಾರೆ. ಯಾರೂ ಕೇಳದ ಒಂದು ಪ್ರಶ್ನೆ ಇದೆ: ಮೋಗ್ಲಿಂಗ್ ಪತ್ರಿಕೆ ಶುರು ಮಾಡೋಕೆ ಯಾರ ಪರ್ಮಿಷನ್ ತಗೊಂಡ್ರು?

ತಗೊಳ್ಳಬೇಕಾಗಿರಲಿಲ್ಲ. ಅದಕ್ಕೆ ಇಪ್ಪತ್ತು ವರ್ಷ ಮೊದಲಾಗಿದ್ದರೆ ಬೇಕಾಗುತ್ತಿತ್ತು. 1823ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತೆಯಲ್ಲಿ ಒಂದು ಲೈಸೆನ್ಸ್ ಕಾನೂನು ತಂದಿತ್ತು: ಪತ್ರಿಕೆ ನಡೆಸುವವರು ಮೊದಲು ಸರ್ಕಾರದ ಲೈಸೆನ್ಸ್ ಪಡೀಬೇಕು, ಸರ್ಕಾರ ಅದನ್ನು ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು. ರಾಜಾ ರಾಮಮೋಹನ ರಾಯ್ ಆಗ 'ಮಿರಾತ್-ಉಲ್-ಅಖ್ಬಾರ್' ಅಂತ ಪರ್ಷಿಯನ್ ವಾರಪತ್ರಿಕೆ ನಡೆಸುತ್ತಿದ್ದರು. ಇಂಥ ಷರತ್ತಿನ ಕೆಳಗೆ ನಡೆಸಲಾರೆ ಅಂತ ಪತ್ರಿಕೆಯನ್ನೇ ನಿಲ್ಲಿಸಿಬಿಟ್ಟರು. 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಆಗಿದ್ದ ಚಾರ್ಲ್ಸ್ ಮೆಟ್‌ಕಾಫ್ ಆ ಲೈಸೆನ್ಸ್ ಪದ್ಧತಿಯನ್ನು ತೆಗೆದುಹಾಕಿದ. ಅಲ್ಲಿಂದ ಮುಂದೆ ಮುದ್ರಕ ಯಾರು, ಪ್ರೆಸ್ ಎಲ್ಲಿದೆ ಅಂತ ಘೋಷಣೆ ಕೊಟ್ಟರೆ ಸಾಕು. ತಪ್ಪು ಬರೆದರೆ ಕೇಸು ಆಮೇಲೆ.

ನೆಟ್‌ವರ್ಕ್ ಟೀಮಿನಲ್ಲಿ ಕೆಲಸ ಮಾಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಫೈರ್‌ವಾಲ್ ಅನ್ನು ಎರಡು ಥರ ಕಾನ್ಫಿಗರ್ ಮಾಡಬಹುದು. ಎಲ್ಲವನ್ನೂ ಬಿಟ್ಟು, ಕೆಟ್ಟದ್ದು ಅಂತ ಗೊತ್ತಾದದ್ದನ್ನು ಮಾತ್ರ ತಡೆಯೋದು ಒಂದು. ಎಲ್ಲವನ್ನೂ ತಡೆದು, ಅಪ್ರೂವಲ್ ಸಿಕ್ಕಿದ್ದನ್ನು ಮಾತ್ರ ಬಿಡೋದು ಇನ್ನೊಂದು. ಆಫೀಸ್ ಸರ್ವರಿಗೆ ಎರಡನೆಯದು ಒಳ್ಳೇದು. ಒಂದು ರಾಜ್ಯದ ಸುದ್ದಿಗೆ ಅದನ್ನೇ ಹಾಕಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮೈಸೂರಿನಲ್ಲೇ ಉದಾಹರಣೆ ಇದೆ.

ಮೈಸೂರಿನಲ್ಲಿ ಎಂ. ವೆಂಕಟಕೃಷ್ಣಯ್ಯ ಅಂತ ಒಬ್ಬರಿದ್ದರು. 1844ರಲ್ಲಿ ಹುಟ್ಟಿ 1933ರವರೆಗೆ ಬದುಕಿದವರು. ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರು. ಊರಿಗೆಲ್ಲ 'ತಾತಯ್ಯ'. ಮೇಷ್ಟ್ರ ಕೆಲಸದ ಜೊತೆಗೇ ಅವರು ನಡೆಸಿದ ಪತ್ರಿಕೆಗಳ ಪಟ್ಟಿ ನೋಡಿದರೆ ಇವರು ಮಲಗುತ್ತಿದ್ದದ್ದು ಯಾವಾಗ ಅಂತ ಅನುಮಾನ ಬರುತ್ತೆ: ಕನ್ನಡದಲ್ಲಿ 1885ರಿಂದ 'ವೃತ್ತಾಂತ ಚಿಂತಾಮಣಿ', ಆಮೇಲೆ 'ಸಾಧ್ವಿ', 'ಸಂಪದಭ್ಯುದಯ', ಇಂಗ್ಲಿಷಿನಲ್ಲಿ 'ಮೈಸೂರು ಹೆರಾಲ್ಡ್', 'ಮೈಸೂರು ಪೇಟ್ರಿಯಟ್'. ದಿವಾನ್ ಶೇಷಾದ್ರಿ ಅಯ್ಯರ್ ಅವರನ್ನು ಎದುರಿಗೆ ನಿಂತು ಟೀಕಿಸಿದವರು ತಾತಯ್ಯ. ದೊಡ್ಡ ಹುದ್ದೆಗಳೆಲ್ಲ ಮದ್ರಾಸಿನಿಂದ ಬಂದವರಿಗೇ ಯಾಕೆ, ಮೈಸೂರಿನ ಹುಡುಗರು ಏನು ಪಾಪ ಮಾಡಿದ್ದಾರೆ ಅನ್ನೋದು ಆ ಕಾಲದ ಬಿಸಿ ಚರ್ಚೆ. (ಲೋಕಲ್ಸಿಗೆ ಕೆಲಸ ಕೊಡಿ ಅನ್ನೋ ಇವತ್ತಿನ ಹ್ಯಾಷ್‌ಟ್ಯಾಗಿಗೆ ನೂರಿಪ್ಪತ್ತು ವರ್ಷ ವಯಸ್ಸಾಗಿದೆ.)

ಇದರ ಜೊತೆಗೆ ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಬೇಕು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ದಿವಾನ್ ರಂಗಾಚಾರ್ಲು ಶುರು ಮಾಡಿದ್ದು, ಮೊದಲ ಸಭೆಗೆ 144 ಸದಸ್ಯರು. ತಾಲ್ಲೂಕುಗಳಿಂದ ರೈತರು, ವ್ಯಾಪಾರಿಗಳು ದಸರಾ ಹೊತ್ತಿಗೆ ಮೈಸೂರಿಗೆ ಬಂದು ನಮ್ಮೂರಿಗೆ ರಸ್ತೆ ಬೇಕು, ಕೆರೆ ರಿಪೇರಿ ಆಗಬೇಕು, ಕಂದಾಯ ಜಾಸ್ತಿಯಾಯಿತು ಅಂತ ಅಹವಾಲು ಹೇಳಿಕೊಳ್ಳಬಹುದಿತ್ತು. ಹೇಳಬಹುದಿತ್ತು ಅಷ್ಟೇ, ತೀರ್ಮಾನ ಮಾಡುವ ಅಧಿಕಾರ ಇರಲಿಲ್ಲ. ಹೇಳಿದ್ದು ಏನಾಯಿತು ಅಂತ ವರ್ಷದ ಉಳಿದ ದಿನ ವಿಚಾರಿಸಬೇಕಾಗಿದ್ದದ್ದು ಪತ್ರಿಕೆ. ತಾತಯ್ಯ ಆ ಸಭೆಯಲ್ಲೂ ಇದ್ದರು, ಪತ್ರಿಕೆಯಲ್ಲೂ ಇದ್ದರು.

1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ ವೃತ್ತಪತ್ರಿಕಾ ರೆಗ್ಯುಲೇಷನ್ ತಂದಿತು. ಸರ್ಕಾರದ ಲಿಖಿತ ಅನುಮತಿ ಇಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ನಡೆಸುವ ಹಾಗಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ವಾಪಸ್ ತಗೊಳ್ಳಬಹುದು. ಬ್ರಿಟಿಷ್ ಇಂಡಿಯಾದಲ್ಲಿ ಕಂಪನಿಯೇ 1835ರಲ್ಲಿ ಬಿಸಾಡಿದ್ದ ಲೈಸೆನ್ಸ್ ಪದ್ಧತಿ, ಎಪ್ಪತ್ತಮೂರು ವರ್ಷ ಆದಮೇಲೆ 'ಮಾದರಿ ಮೈಸೂರಿ'ಗೆ ಬಂತು. ಅದೇ 1908ರ ಜುಲೈನಲ್ಲಿ 'ಕೇಸರಿ'ಯ ಲೇಖನಗಳಿಗಾಗಿ ಬಾಲಗಂಗಾಧರ ತಿಲಕರಿಗೆ ಬೊಂಬಾಯಿಯಲ್ಲಿ 6 ವರ್ಷ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಕಳಿಸಿದರು. ಬ್ರಿಟಿಷರು ಎಷ್ಟೇ ಕ್ರೂರವಾಗಿ ನಡೆದುಕೊಂಡರೂ ಅಲ್ಲೊಂದು ವಿಚಾರಣೆ ನಡೀತು, ಜ್ಯೂರಿ ಇತ್ತು, ತಿಲಕರು ದಿನಗಟ್ಟಲೆ ಕೋರ್ಟಿನಲ್ಲಿ ನಿಂತು ವಾದ ಮಾಡಿದರು, ದೇಶವೆಲ್ಲ ಕೇಳಿಸಿಕೊಂಡಿತು. ಮೈಸೂರಿನ ಕಾನೂನಿನಲ್ಲಿ ಅಂಥ ದೃಶ್ಯಕ್ಕೆ ಅವಕಾಶವೇ ಇಲ್ಲ. ಒಂದು ಕಾಗದ ಬರುತ್ತೆ, ಪತ್ರಿಕೆ ನಿಲ್ಲುತ್ತೆ.

ಮಾಧವರಾಯರು ಖಳನಾಯಕ ಅಂತ ಬರೆದು ಮುಗಿಸೋದು ಸುಲಭ. ಆದರೆ ಅವರು ಹಾಗಿರಲಿಲ್ಲ. ಮೈಸೂರಿಗೆ ನ್ಯಾಯವಿಧಾಯಕ ಸಭೆ, ಅಂದರೆ ಲೆಜಿಸ್ಲೇಟಿವ್ ಕೌನ್ಸಿಲ್ ಬಂದದ್ದು 1907ರಲ್ಲಿ, ಇವರ ದಿವಾನಗಿರಿಯಲ್ಲೇ. ನಿವೃತ್ತರಾದ ಮೇಲೆ ಕಾಂಗ್ರೆಸ್ ಜೊತೆ ಸೇರಿ, 1919ರಲ್ಲಿ ತಿಲಕರೂ ಇದ್ದ ನಿಯೋಗದಲ್ಲಿ ಇಂಗ್ಲೆಂಡಿಗೆ ಹೋಗಿ ಭಾರತಕ್ಕೆ ಸುಧಾರಣೆ ಬೇಕು ಅಂತ ವಾದಿಸಿದವರೂ ಇವರೇ. ಅಂಥ ಮನುಷ್ಯನ ಕೈಯಲ್ಲಿ ಇಂಥ ಕಾನೂನು ಯಾಕೆ ಬಂತು? ನನಗೆ ತೋಚುವ ಕಾರಣ ಭಯ. ಐವತ್ತು ವರ್ಷ ಬ್ರಿಟಿಷರ ಕೈಯಲ್ಲಿದ್ದು 1881ರಲ್ಲಿ ಅರಸರಿಗೆ ವಾಪಸ್ ಸಿಕ್ಕಿದ್ದ ರಾಜ್ಯ ಇದು. ಬಂಗಾಳದಲ್ಲಿ ಬಾಂಬು, ಪುಣೆಯಲ್ಲಿ ತಿಲಕರು. ನಡುವೆ ಮೈಸೂರಿನ ಪತ್ರಿಕೆಗಳಿಂದ ಏನಾದರೂ ತಂಟೆಯಾದರೆ ರೆಸಿಡೆಂಟರಿಗೆ ಉತ್ತರ ಹೇಳಬೇಕಾದದ್ದು ದಿವಾನರು. ಮೇಲಿನವರಿಗೆ ಹೆದರಿದವರು ಕೆಳಗಿನವರ ಬಾಯಿ ಮುಚ್ಚಿಸೋದು ಯಾವ ಕಾರ್ಪೊರೇಟ್ ಆಫೀಸಿನಲ್ಲೂ ನೋಡಬಹುದಾದ ಸಂಗತಿ.

ತಾತಯ್ಯ ಏನು ಮಾಡಿದರು? ಕಲ್ಕತ್ತೆಯಲ್ಲಿ ರಾಮಮೋಹನ ರಾಯರು ಮಾಡಿದ್ದನ್ನೇ ಮಾಡಿದರು. ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಬೇರೆ ಪತ್ರಿಕೆಗಳೂ ನಿಂತವು. ಜೈಲು ತುಂಬಲಿಲ್ಲ, ಲಾಠಿ ಎತ್ತಲಿಲ್ಲ, ಸರ್ಕಾರಕ್ಕೆ ಹೆಚ್ಚಿನ ಖರ್ಚೂ ಬರಲಿಲ್ಲ. ತಿಲಕರು ಮಂಡಾಲೆಗೆ ಹೋದದ್ದು ಎಲ್ಲರ ಪಠ್ಯಪುಸ್ತಕದಲ್ಲಿದೆ. ಅದೇ ವರ್ಷ ಮೈಸೂರಿನಲ್ಲಿ ಸುದ್ದಿ ನಿಂತದ್ದು ನಾನು ಓದಿದ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಪರವಾನಗಿ ಪದ್ಧತಿಯ ಅನುಕೂಲ ಇದೇ ನೋಡಿ: ಹುತಾತ್ಮರು ಹುಟ್ಟೋದಿಲ್ಲ. ಬರದೇ ಹೋದ ಸುದ್ದಿಗೆ ಸಾಕ್ಷಿ ಎಲ್ಲಿಂದ ತರ್ತೀರಿ?

ಬಿಗಿ ಸಡಿಲವಾದದ್ದು ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದ ಮೇಲೆ. 1913ರಲ್ಲಿ ಮುಳಬಾಗಿಲಿನ ಡಿ.ವಿ. ಗುಂಡಪ್ಪ ಬೆಂಗಳೂರಿನಲ್ಲಿ 'ದಿ ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ತಂದರು, ವಾರಕ್ಕೆ ಎರಡು ಸಲ. ಆಗ ಅವರಿಗೆ ಇಪ್ಪತ್ತಾರು ವರ್ಷ. ಮೆಟ್ರಿಕ್ ಪಾಸಾಗಿರಲಿಲ್ಲ. ಇವತ್ತು ನಮಗೆ ಡಿವಿಜಿ ಅಂದರೆ ಕಗ್ಗ. ಸ್ಟೇಟಸ್ಸಿಗೆ ಹಾಕಿಕೊಳ್ಳುವ ನಾಲ್ಕು ಸಾಲು. ಆ ಮನುಷ್ಯ ಮೂಲತಃ ಪತ್ರಕರ್ತ, 'ವೃತ್ತಪತ್ರಿಕೆ' ಅಂತ ಒಂದು ಪುಸ್ತಕವನ್ನೇ ಬರೆದವರು ಅನ್ನೋದು ಮರೆತೇಹೋಗಿದೆ. ದಿವಾನರ ಸ್ನೇಹ ಇತ್ತು, ಟೀಕೆಯೂ ಇತ್ತು. ಆದರೆ ಗಮನಿಸಿ, ಈ ಸ್ವಾತಂತ್ರ್ಯ ಒಬ್ಬ ಒಳ್ಳೆಯ ದಿವಾನರಿಂದ ಬಂದದ್ದು. ಒಳ್ಳೆಯವರ ಅವಧಿ ಮುಗಿಯುತ್ತೆ.

1928ರ ಜುಲೈನಲ್ಲಿ ಅದು ಕಾಣಿಸಿತು. ಬೆಂಗಳೂರಿನ ಸುಲ್ತಾನ್‌ಪೇಟೆ ಶಾಲೆಯ ಆವರಣದ ಗಣಪತಿ ಮೂರ್ತಿಯ ವಿಚಾರಕ್ಕೆ ಶುರುವಾದ ಗಲಾಟೆ ಊರನ್ನೆಲ್ಲ ಹತ್ತಿಕೊಂಡಿತು. ದಿವಾನರು ಮಿರ್ಜಾ ಇಸ್ಮಾಯಿಲ್. ಬಂಧಿತರಾದವರಲ್ಲಿ 'ವೀರಕೇಸರಿ' ಪತ್ರಿಕೆಯ ಸೀತಾರಾಮ ಶಾಸ್ತ್ರಿಗಳೂ ಇದ್ದರು. ಆಮೇಲೆ ವಿಚಾರಣೆಗೆ ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿ ಬಂದವರು, ಅದೇ ನಿವೃತ್ತ ವಿಶ್ವೇಶ್ವರಯ್ಯ. ಆ ದಿನಗಳಲ್ಲಿ ಕೆಲವು ಪತ್ರಿಕೆಗಳು ಬೆಂಕಿಗೆ ತುಪ್ಪ ಸುರಿದವು ಅನ್ನುವ ದೂರಿನಲ್ಲಿ ಹುರುಳಿಲ್ಲ ಅಂತ ನಾನೇನೂ ಹೇಳೋದಿಲ್ಲ. ಪತ್ರಿಕೆಗಳು ಆಗಲೂ ದೇವತೆಗಳಾಗಿರಲಿಲ್ಲ. ಆದರೆ ಕೋಮು ವಿಷಯದಲ್ಲಿ ಕೆಟ್ಟದಾಗಿ ಬರೆಯುವವನಿಗೂ, ಸರ್ಕಾರದ ಬಗ್ಗೆ ಸರಿಯಾಗಿ ಬರೆಯುವವನಿಗೂ ಒಂದೇ ಬೀಗ ಇದ್ದಾಗ, ಕೀಲಿ ಕೈಯಲ್ಲಿರುವವರಿಗೆ ಯಾವುದು ಮೊದಲು ನೆನಪಾಗುತ್ತೆ ಅಂತ ಊಹಿಸೋದು ಕಷ್ಟ ಇಲ್ಲ.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. 1950ರ ಮೇ 26ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಮದ್ರಾಸ್ ಸರ್ಕಾರ ತಡೆದಿದ್ದ ಎಡಪಂಥೀಯ 'ಕ್ರಾಸ್‌ರೋಡ್ಸ್' ಪತ್ರಿಕೆಯದ್ದೊಂದು, ದೆಹಲಿಯಲ್ಲಿ ಮೊದಲೇ ತೋರಿಸಿ ಅಚ್ಚು ಹಾಕಬೇಕು ಅಂತ ಆದೇಶವಾಗಿದ್ದ ಬಲಪಂಥೀಯ 'ಆರ್ಗನೈಸರ್' ಪತ್ರಿಕೆಯದ್ದೊಂದು. ಎರಡರಲ್ಲೂ ಸರ್ಕಾರ ಸೋತಿತು. ಎಡ ಬಲ ಎರಡಕ್ಕೂ ಒಂದೇ ದಿನ ಒಂದೇ ಕೋರ್ಟು ಒಂದೇ ನ್ಯಾಯ ಹೇಳಿದ ಆ ದಿನಕ್ಕೆ ಯಾರೂ ಶುಭಾಶಯ ಕಳಿಸೋದಿಲ್ಲ. ಮರುವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು ವಾಕ್‌ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳು ಹೆಚ್ಚಾದವು.

ತುರ್ತು ಪರಿಸ್ಥಿತಿಯ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ, ಇಲ್ಲಿ ಬೇಡ. ಬೆಂಗಳೂರಿನವರು ಇಷ್ಟು ನೆನಪಿಟ್ಟುಕೊಂಡರೆ ಸಾಕು: 1975ರ ಜೂನ್ 26ರಂದು ಇಲ್ಲಿ ಬಂಧನಕ್ಕೊಳಗಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ಇಟ್ಟಿದ್ದ ಸೆಂಟ್ರಲ್ ಜೈಲೇ ಈಗಿನ ಫ್ರೀಡಂ ಪಾರ್ಕ್. ನಮ್ಮೂರಲ್ಲಿ ಪ್ರತಿಭಟನೆ ಮಾಡಬೇಕಾದರೆ ಈಗ ಅಲ್ಲಿಗೇ ಹೋಗಬೇಕು. ಹಳೇ ಜೈಲಿನ ಕಾಂಪೌಂಡೊಳಗೆ ನಿಂತು ಘೋಷಣೆ ಕೂಗೋದು, ಕೂಗಿ ಮನೆಗೆ ಬರೋದು.

ಬೇರೆ ದಾರಿ ತೋರಿಸಿದ್ದು 1980. ಪಿ. ಲಂಕೇಶ್ ಬೆಂಗಳೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಮೇಷ್ಟ್ರ ಕೆಲಸ ಬಿಟ್ಟು ಬಂದಿದ್ದರು. ಆ ವರ್ಷದ ಜುಲೈನಲ್ಲಿ 'ಲಂಕೇಶ್ ಪತ್ರಿಕೆ' ಶುರುವಾಯಿತು. ಅದು ಜಾಹೀರಾತು ತಗೊಳ್ಳಲಿಲ್ಲ. ಪೂರ್ತಿ ಓದುಗನ ಚಿಲ್ಲರೆ ಕಾಸಿನ ಮೇಲೆ ನಡೆದ ಪತ್ರಿಕೆ. ಮುಖ್ಯಮಂತ್ರಿ ಗುಂಡೂರಾಯರನ್ನು 'ಗುಂ' ಅಂತ ಕರೆದು, ರಾಜ್ಯದ ಮೂಲೆಮೂಲೆಯವರು ಅದನ್ನೇ ಹೇಳುವ ಹಾಗೆ ಮಾಡಿತು. ಸರ್ಕಾರಿ ಜಾಹೀರಾತು ನಿಲ್ಲಿಸ್ತೀವಿ ಅಂತ ಹೆದರಿಸೋಣ ಅಂದರೆ ಅಲ್ಲಿ ಜಾಹೀರಾತೇ ಇಲ್ಲ. ಅದರ ಭಾಷೆ ಎಷ್ಟೋ ಸಲ ಅಗತ್ಯಕ್ಕಿಂತ ಒರಟಾಗಿತ್ತು, ಅದು ಹುಟ್ಟುಹಾಕಿದ ಟ್ಯಾಬ್ಲಾಯ್ಡ್ ಸಂತತಿಯಲ್ಲಿ ಕೆಲವಂತೂ ಬ್ಲ್ಯಾಕ್‌ಮೇಲನ್ನೇ ಕಸುಬು ಮಾಡಿಕೊಂಡವು. ಅದನ್ನೂ ಹೇಳಬೇಕು. ಆದರೆ ಆ ಪತ್ರಿಕೆ ಬೆಂಗಳೂರಿನಲ್ಲಿ ಕೂತು ಬೆಂಗಳೂರನ್ನಷ್ಟೇ ಬರೆಯಲಿಲ್ಲ. ಕಾಸರಗೋಡಿನ ಚಂದ್ರಗಿರಿಯ ಕಡೆಯ ಹೆಣ್ಣುಮಗಳು ಸಾರಾ ಅಬೂಬಕ್ಕರ್ ಬರೆಯೋಕೆ ಶುರು ಮಾಡಿದ್ದು ಅಲ್ಲಿ. ಹಾಸನದ ಬಾನು ಮುಷ್ತಾಕ್ ಅದಕ್ಕೆ ವರದಿಗಾರ್ತಿಯಾಗಿ ಕೆಲಸ ಮಾಡಿದರು. 2025ರಲ್ಲಿ 'ಹಾರ್ಟ್ ಲ್ಯಾಂಪ್'ಗೆ ದೀಪಾ ಭಾಸ್ತಿಯವರೊಂದಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಲಂಡನ್ನಿನ ಫೋಟೋ ಶೇರ್ ಮಾಡಿದೆವು. ಆ ಕಥೆಗಳ ಹಿಂದೆ ಮಸೀದಿ, ಕೋರ್ಟು, ಆಸ್ಪತ್ರೆ ಸುತ್ತಿದ ಒಬ್ಬ ಜಿಲ್ಲಾ ವರದಿಗಾರ್ತಿಯ, ವಕೀಲೆಯ ಕಣ್ಣು ಇದೆ.

ಜಿಲ್ಲಾ ಪತ್ರಿಕೆಗಳ ಮಾತು ಬಂದಾಗ ದುಡ್ಡಿನ ಮಾತು ಬಿಡೋಕಾಗಲ್ಲ. ನಾನು ಮೈಸೂರು ಜಿಲ್ಲೆಯ ಹಳ್ಳಿಯವನು. ಟೀ ಅಂಗಡಿಯಲ್ಲಿ ರಾಜಶೇಖರ ಕೋಟಿಯವರ 'ಆಂದೋಲನ' ಓದಿ ಬೆಳೆದವರ ಪೈಕಿ. 1972ರಲ್ಲಿ ಧಾರವಾಡದಲ್ಲಿ ಹುಟ್ಟಿ ಮೈಸೂರಿಗೆ ಬಂದ ಪತ್ರಿಕೆ ಅದು. ಬೆಂಗಳೂರಿನ ದೊಡ್ಡ ಪೇಪರಿನಲ್ಲಿ ನಮ್ಮ ತಾಲ್ಲೂಕಿನ ಹೆಸರು ಬರಬೇಕಾದರೆ ಯಾರಾದರೂ ಸಾಯಬೇಕಾಗಿತ್ತು, ಇದರಲ್ಲಿ ನಾಲೆಗೆ ನೀರು ಬಿಡದಿದ್ದರೂ ಬರ್ತಿತ್ತು. ಹಳ್ಳಿ ಕಡೆ ವರದಿಗಾರ ಅಂದ್ರೆ ಯಾರು? ಬಹಳ ಸಲ ಪೇಪರ್ ಏಜೆಂಟರೇ ವರದಿಗಾರರು, ಜಾಹೀರಾತು ತರೋರೂ ಅವರೇ. ಸುದ್ದಿಗೆ ಸಿಗುವ ಸಂಭಾವನೆ ಪೆಟ್ರೋಲಿಗೂ ಸಾಲದು, ಜೀವನ ನಡೆಯೋದು ಜಾಹೀರಾತು ಕಮಿಷನ್ನಿನಲ್ಲಿ. ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಕೊಡೋನು ಗ್ರಾಮ ಪಂಚಾಯ್ತಿ ಅಧ್ಯಕ್ಷ ಅಥವಾ ಕಂಟ್ರಾಕ್ಟರ್. ಅದೇ ಅಧ್ಯಕ್ಷನ ಚರಂಡಿ ಬಿಲ್ಲಿನ ಬಗ್ಗೆ ಬರೀಬೇಕಾದವನೂ ಇದೇ ಮನುಷ್ಯ. ಇದಕ್ಕೆ ಯಾವ ರೆಗ್ಯುಲೇಷನ್ನೂ ಬೇಕಾಗಿಲ್ಲ.

ಡಿವಿಜಿಯವರು ಸರ್ಕಾರಿ ಸಮಿತಿಗಳ ಕೆಲಸಕ್ಕೆ ಬಂದ ಚೆಕ್ಕುಗಳನ್ನು ಬ್ಯಾಂಕಿಗೆ ಹಾಕದೆ ಹಾಗೇ ಇಟ್ಟಿದ್ದರು ಅನ್ನೋ ಕಥೆ ನೀವೂ ಕೇಳಿರ್ತೀರಿ. 2022ರ ದೀಪಾವಳಿಗೆ ಮುಖ್ಯಮಂತ್ರಿ ಕಚೇರಿಯಿಂದ ಕೆಲವು ಪತ್ರಕರ್ತರಿಗೆ ಹೋದ ಸ್ವೀಟ್ ಬಾಕ್ಸಿನಲ್ಲಿ ನಗದು ಇತ್ತು ಅನ್ನುವ ಆರೋಪ ಬಂತು. ಲೋಕಾಯುಕ್ತಕ್ಕೆ ದೂರು ಹೋಯಿತು. ಆಗಿನ ಮುಖ್ಯಮಂತ್ರಿ ಅಲ್ಲಗಳೆದರು. ಕೆಲವು ಪತ್ರಕರ್ತರು ಬಂದದ್ದನ್ನು ವಾಪಸ್ ಕಳಿಸಿದರು ಅಂತಲೂ ವರದಿಯಾಯಿತು. ಈ ಕೊನೆಯ ವಾಕ್ಯಕ್ಕೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ ಅನ್ನೋದು ನನ್ನ ತಕರಾರು.

ಈಗ 2017ಕ್ಕೆ ಬರೋಣ. ಆ ವರ್ಷದ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಇಬ್ಬರು ಸಂಪಾದಕರಿಗೆ ಹಕ್ಕುಚ್ಯುತಿಗಾಗಿ ತಲಾ 1 ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ಒಬ್ಬರು 'ಹಾಯ್ ಬೆಂಗಳೂರ್'ನ ರವಿ ಬೆಳಗೆರೆ. ಇನ್ನೊಬ್ಬರು 'ಯಲಹಂಕ ವಾಯ್ಸ್' ಎಂಬ ಪತ್ರಿಕೆಯ ಸಂಪಾದಕ. ಬೆಳಗೆರೆಯವರ ಹೆಸರು ಎಲ್ಲರಿಗೂ ಗೊತ್ತಿತ್ತು, ಚರ್ಚೆಯೆಲ್ಲ ಅವರ ಸುತ್ತಲೇ ತಿರುಗಿತು. ನನ್ನ ಗಮನ ಹೋದದ್ದು ಎರಡನೆಯದರ ಕಡೆ. ಬೆಂಗಳೂರಿನ ಒಂದು ಮೂಲೆಯ ಹೆಸರಿಟ್ಟುಕೊಂಡ ಪುಟ್ಟ ಪತ್ರಿಕೆಗೆ ಶಿಕ್ಷೆ ಕೊಡೋಕೆ ರಾಜ್ಯದ ಶಾಸನಸಭೆಯೇ ಕೂರಬೇಕಾಯಿತು! ದೂರು ಕೊಟ್ಟ ಶಾಸಕರಲ್ಲಿ ಒಬ್ಬರು ಕೆ.ಬಿ. ಕೋಳಿವಾಡ; ನಿರ್ಣಯದ ಹೊತ್ತಿಗೆ ಅವರೇ ಸಭಾಧ್ಯಕ್ಷರು. ಬರೆದದ್ದು ಸುಳ್ಳಾಗಿದ್ದರೆ ಮಾನನಷ್ಟ ಮೊಕದ್ದಮೆ ಹಾಕಲು ಕೋರ್ಟುಗಳಿದ್ದವು. ಸಂವಿಧಾನದ 194(3)ನೇ ವಿಧಿ ಶಾಸಕರಿಗೆ ಕೊಡುವ ವಿಶೇಷ ಹಕ್ಕುಗಳು ಏನೇನು ಅಂತ ಪಟ್ಟಿ ಮಾಡಿದ ಕಾನೂನು ಇವತ್ತಿಗೂ ಇಲ್ಲ. ಅಂದರೆ ದೂರುದಾರರು, ತನಿಖೆ ಮಾಡೋರು, ತೀರ್ಪು ಕೊಡೋರು ಎಲ್ಲ ಒಂದೇ ಮನೆಯವರು. ಸಂಪಾದಕರು ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಅದೇ ವರ್ಷ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ನಾನಿರುವ ಮಲ್ಲತ್ತಹಳ್ಳಿಯಿಂದ ಜ್ಞಾನಭಾರತಿ ಕ್ಯಾಂಪಸ್ ದಾಟಿ ಮೈಸೂರು ರಸ್ತೆ ಆಚೆಗೆ ಹೋದರೆ ರಾಜರಾಜೇಶ್ವರಿ ನಗರ, ಆ ಮನೆ ಇರೋದು ಅಲ್ಲಿ. ಅಪ್ಪನ ಹಾಗೇ ಜಾಹೀರಾತಿಲ್ಲದೆ ಪತ್ರಿಕೆ ನಡೆಸಿದವರು. ಕೊಲೆಗೆ ಹತ್ತು ತಿಂಗಳ ಮೊದಲು, 2016ರ ನವೆಂಬರ್‌ನಲ್ಲಿ, 2008ರ ಒಂದು ವರದಿಗಾಗಿ ಹುಬ್ಬಳ್ಳಿಯ ಕೋರ್ಟು ಅವರಿಗೆ ಮಾನನಷ್ಟ ಪ್ರಕರಣದಲ್ಲಿ 6 ತಿಂಗಳ ಶಿಕ್ಷೆ ವಿಧಿಸಿತ್ತು, ಜಾಮೀನು ಸಿಕ್ಕಿತ್ತು. ಕೊಲೆ ಲೋಕಕ್ಕೆಲ್ಲ ಗೊತ್ತಾಯಿತು. ಬೆಂಗಳೂರಿನ ಸಂಪಾದಕಿ ಎಂಟು ವರ್ಷ ಹುಬ್ಬಳ್ಳಿ ಕೋರ್ಟಿನ ವಾಯಿದೆಗಳನ್ನು ನೋಡಿಕೊಳ್ಳಬೇಕಾದದ್ದರ ಬಗ್ಗೆ ಅಷ್ಟು ಮಾತಾಗಲಿಲ್ಲ. ದೊಡ್ಡ ಸಂಸ್ಥೆಗಳಿಗೆ ಲೀಗಲ್ ಟೀಮ್ ಇರುತ್ತೆ. ಸಣ್ಣ ಪತ್ರಿಕೆಗೆ ಸಂಪಾದಕರೇ ಲೀಗಲ್ ಟೀಮ್, ಅವರೇ ರೈಲು ಹತ್ತಬೇಕು.

ಇದಕ್ಕಿಂತ ಹೊಸ ಉಪಾಯ ಇನ್ನೂ ಸಲೀಸು. ಅದು ಸಿವಿಲ್ ಕೋರ್ಟಿನ ತಾತ್ಕಾಲಿಕ ತಡೆಯಾಜ್ಞೆ. ಎದುರು ಪಕ್ಷದವರನ್ನು ಕರೆಸದೆಯೇ, ಅವರ ಮಾತು ಕೇಳದೆಯೇ, ಮುಂದಿನ ವಿಚಾರಣೆವರೆಗೆ ಪ್ರಕಟಿಸಬೇಡಿ ಅಂತ ಆದೇಶ ಪಡೆಯೋದು. ಇದರಲ್ಲಿ ನಮ್ಮ ಬೆಂಗಳೂರಿಗೆ ಒಳ್ಳೆಯ ಹೆಸರಿದೆ. 2019ರ ಲೋಕಸಭಾ ಚುನಾವಣೆ ಹೊತ್ತಿಗೆ ಒಬ್ಬ ಅಭ್ಯರ್ಥಿ 49 ಮಾಧ್ಯಮ ಸಂಸ್ಥೆಗಳ ವಿರುದ್ಧ ಇಂಥ ಆದೇಶ ತಂದರು, ಹೈಕೋರ್ಟು ಅದನ್ನು ರದ್ದು ಮಾಡಿತು. 2021ರ ಮಾರ್ಚ್‌ನಲ್ಲಿ ಒಬ್ಬ ಸಚಿವರ ಸಿಡಿ ಪ್ರಕರಣ ಸ್ಫೋಟವಾದ ಬೆನ್ನಿಗೇ ರಾಜ್ಯದ 6 ಮಂದಿ ಬೇರೆ ಸಚಿವರು ಒಟ್ಟಾಗಿ ಕೋರ್ಟಿಗೆ ಹೋಗಿ, ತಮ್ಮ ಬಗ್ಗೆ ಮಾನಹಾನಿಕರವಾದದ್ದು ಏನೂ ಬರದ ಹಾಗೆ ಅರವತ್ತಕ್ಕೂ ಹೆಚ್ಚು ಸಂಸ್ಥೆಗಳ ಮೇಲೆ ತಡೆ ತಂದರು. ಇನ್ನೂ ಬಾರದ ಸುದ್ದಿಗೆ ತಡೆ! ಟಿವಿಯಲ್ಲಿ ಜನ ಕೇಳಿದ ಪ್ರಶ್ನೆ ಒಂದೇ, ಏನಪ್ಪಾ ಇದೆ ಅಂಥದ್ದು?

2025ರ ಜುಲೈನದ್ದು ಇದಕ್ಕಿಂತ ದೊಡ್ಡದು. ಧರ್ಮಸ್ಥಳದ ಪ್ರಕರಣದಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟೊಂದು 8,842 ಲಿಂಕುಗಳನ್ನು ತೆಗೆಯುವಂತೆ ಏಕಪಕ್ಷೀಯ ಆದೇಶ ಹೊರಡಿಸಿತು. ಹೆಸರಿಲ್ಲದವರಿಗೂ ಅನ್ವಯಿಸುವ ಇಂಥ ಆದೇಶಕ್ಕೆ ವಿದೇಶದಲ್ಲಿ 'ಜಾನ್ ಡೋ', ನಮ್ಮಲ್ಲಿ 'ಅಶೋಕ್ ಕುಮಾರ್' ಅಂತ ಹೆಸರು. ಪಾಪ, ಆ ಅಶೋಕ್ ಕುಮಾರ್ ಯಾರೋ. ಆರೋಪಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಅನ್ನೋದು ತನಿಖೆಗೆ, ಕೋರ್ಟಿಗೆ ಬಿಟ್ಟ ವಿಷಯ, ಸುಳ್ಳು ಹರಡಿದವರಿಗೆ ಶಿಕ್ಷೆಯೂ ಆಗಲಿ. ನನ್ನ ಪ್ರಶ್ನೆ ಆದೇಶದ ಆಕಾರದ್ದು. ಎಂಟು ಸಾವಿರದ ಎಂಟುನೂರು ಚಿಲ್ಲರೆ ಲಿಂಕುಗಳನ್ನು ಒಂದೊಂದಾಗಿ ಓದಿ, ನೋಡಿ, ಇದು ಮಾನಹಾನಿ ಇದು ವರದಿ ಅಂತ ಬೇರೆ ಮಾಡೋಕೆ ಎಷ್ಟು ದಿನ ಬೇಕು? ಒಂದು ಲಿಂಕಿಗೆ ಎರಡೇ ನಿಮಿಷ ಅಂತ ಲೆಕ್ಕ ಹಾಕಿದರೂ ಸುಮಾರು 295 ಗಂಟೆ. ಊಟ ನಿದ್ದೆ ಬಿಟ್ಟು ಹನ್ನೆರಡು ದಿನ. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದದ್ದು ಯಾವ ದೊಡ್ಡ ಪತ್ರಿಕೆಯೂ ಅಲ್ಲ, 'ಕುಡ್ಲ ರ‍್ಯಾಂಪೇಜ್' ಎಂಬ ಮಂಗಳೂರು ಕಡೆಯ ಒಂದು ಯೂಟ್ಯೂಬ್ ಚಾನೆಲ್. ಆಗಸ್ಟ್ 1ರಂದು ಹೈಕೋರ್ಟು ಅವರ ಮೇಲಿನ ಆದೇಶವನ್ನು ರದ್ದು ಮಾಡಿ, ಹೊಸದಾಗಿ ವಿಚಾರಣೆ ಮಾಡಿ ಅಂತ ಕಳಿಸಿತು.

ಕಾನೂನು ಗೊತ್ತಿಲ್ಲದೆ ಹೀಗಾಗ್ತಿದೆ ಅಂದುಕೊಳ್ಳಬೇಡಿ. ತಮಿಳಿನ 'ನಕ್ಕೀರನ್' ಪತ್ರಿಕೆಯ ಪ್ರಕರಣದಲ್ಲಿ, 1994ರಲ್ಲೇ, ಮಾನಹಾನಿ ಆಗಬಹುದು ಅನ್ನೋ ಭಯಕ್ಕೆ ಅಧಿಕಾರಿಗಳು ಪ್ರಕಟಣೆಯನ್ನು ಮೊದಲೇ ತಡೆಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಮತ್ತೊಮ್ಮೆ, ಪೂರ್ತಿ ವಿಚಾರಣೆ ಇಲ್ಲದೆ ಲೇಖನಕ್ಕೆ ತಡೆ ಕೊಡೋದು ತೀರಾ ಅಪರೂಪವಾಗಿರಬೇಕು ಅಂತ ಕೆಳಗಿನ ಕೋರ್ಟುಗಳಿಗೆ ಎಚ್ಚರಿಸಿತು. ಡಾಕ್ಯುಮೆಂಟೇಷನ್ ಅದ್ಭುತವಾಗಿದೆ, ಪ್ರೊಡಕ್ಷನ್ನಿನಲ್ಲಿ ಓಡ್ತಿರೋದು ಬೇರೆ ಕೋಡ್. ಮೇಲಿನ ಕೋರ್ಟಿನವರೆಗೆ ಹೋದವರಿಗೆ ನ್ಯಾಯ ಸಿಗ್ತಿದೆ, ನಿಜ. ಹೋಗಲಾರದವರು ವಿಡಿಯೋ ಡಿಲೀಟ್ ಮಾಡಿ ಸುಮ್ಮನಾಗ್ತಾರೆ. ಎಷ್ಟು ಜನ ಸುಮ್ಮನಾದರು ಅಂತ ಯಾರೂ ಎಣಿಸೋದಿಲ್ಲ, ಮೈಸೂರಿನಲ್ಲಿ 1908ರಲ್ಲಿ ಎಣಿಸದಿದ್ದ ಹಾಗೇ.

ನಮ್ಮ ಮಲ್ಲತ್ತಹಳ್ಳಿ ವಿಷಯಕ್ಕೆ ಬಂದರೆ, ಇದು ಹೆಸರಿಗೆ ಹಳ್ಳಿ, ಜನಸಂಖ್ಯೆಯಲ್ಲಿ ಪಟ್ಟಣ. ಕೆರೆ ಇದೆ. ಕಲಾಗ್ರಾಮ ಇದೆ, ಜಿ.ಎಸ್. ಶಿವರುದ್ರಪ್ಪ, ಅನಂತಮೂರ್ತಿ ಇಬ್ಬರ ಅಂತ್ಯಸಂಸ್ಕಾರ ಆದದ್ದು ಅಲ್ಲೇ. ಆ ದಿನಗಳಲ್ಲಿ ಓಬಿ ವ್ಯಾನುಗಳು ಸಾಲುಗಟ್ಟಿದ್ದವು. ಬೇರೆ ದಿನ ನಮ್ಮ ಸುದ್ದಿ ಯಾರಿಗೆ ಬೇಕು? ಕೆರೆಯ ಜಾಗದಲ್ಲಿ ಥೀಮ್ ಪಾರ್ಕು, ಶಿವನ ಮೂರ್ತಿ ಬೇಕೋ ಬೇಡವೋ ಅಂತ ಗಲಾಟೆಯಾದಾಗ ಎರಡು ದಿನ ಹೆಡ್‌ಲೈನ್ ಸಿಕ್ಕಿತು. ಆಮೇಲೆ ಕೆಲಸಕ್ಕೆ ಎಷ್ಟು ಖರ್ಚಾಯಿತು, ಟೆಂಡರ್ ಯಾರಿಗೆ, ನೀರು ಎಲ್ಲಿಂದ ಬರ್ತಿದೆ ಅಂತ ಪ್ರತಿ ತಿಂಗಳು ಬೆನ್ನು ಹತ್ತಿ ಬರೆಯುವ ಪತ್ರಿಕೆ ನನ್ನ ಕಣ್ಣಿಗೆ ಬಿದ್ದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಾನುಗಟ್ಟಲೆ ಕೇಳೋಕೆ ಕಾರ್ಪೊರೇಟರೂ ಇಲ್ಲ. 1881ರ ಮೈಸೂರಿನ ರೈತನಿಗೆ ವರ್ಷಕ್ಕೊಮ್ಮೆ ದಸರಾದಲ್ಲಾದರೂ ಮೈಕ್ ಇಲ್ಲದೆ ಮಾತಾಡೋ ಜಾಗ ಇತ್ತು. ನಮಗಿರೋದು ಲೇಔಟಿನ ವಾಟ್ಸಾಪ್ ಗ್ರೂಪು. ಒಂದು ಕಡೆ ಬೋರ್‌ವೆಲ್ ಬಿಲ್ಲಿನ ಬಗ್ಗೆ ಯಾರೋ ಲೆಕ್ಕ ಕೇಳಿದ ಮರುದಿನ ಸೆಟ್ಟಿಂಗ್ ಬದಲಾಯಿತು: ಇನ್ನು ಮೇಲೆ ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು. ಮಾಧವರಾಯರ ರೆಗ್ಯುಲೇಷನ್ನನ್ನು ಇಷ್ಟು ಚಿಕ್ಕದಾಗಿ ಬರೆಯಬಹುದು ಅಂತ ನನಗೆ ಗೊತ್ತಿರಲಿಲ್ಲ.

ತಮಾಷೆ ಏನೆಂದರೆ, ಪತ್ರಿಕೆ ಶುರು ಮಾಡೋದು ಇವತ್ತು ಮೊದಲಿಗಿಂತ ಸುಲಭ. 1867ರ ಹಳೇ ಪ್ರೆಸ್ ಕಾಯ್ದೆ ಹೋಗಿ, 2023ರ ಹೊಸ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮ್ಯಾಜಿಸ್ಟ್ರೇಟರ ಮುಂದೆ ನಿಂತು ಘೋಷಣೆ ಕೊಡಬೇಕಾಗಿಲ್ಲ, ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಮೋಗ್ಲಿಂಗರ ಥರ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ನಮ್ಮ ಕಡೆ ಎಷ್ಟು ಮನೆಗಳಿವೆ ಅಂತ ನೋಡಿದರೆ, ಮನೆಗೆ ತಿಂಗಳಿಗೆ ಒಂದು ಫಿಲ್ಟರ್ ಕಾಫಿ ದುಡ್ಡು ಬಂದರೂ ಒಬ್ಬ ಪೂರ್ಣಾವಧಿ ವರದಿಗಾರರಿಗೆ ಸಂಬಳ ಕೊಡಬಹುದು, ಬೇಕಾದಾಗ ಒಬ್ಬ ವಕೀಲರಿಗೂ. ಮೊದಲ ಸಂಚಿಕೆಯ ಊರ ವರ್ತಮಾನಕ್ಕಂತೂ ಬರ ಇಲ್ಲ: ಕೆರೆಯ ಖರ್ಚಿನ ಲೆಕ್ಕ, ಅಗೆದು ಮುಚ್ಚದೆ ಬಿಟ್ಟ ರಸ್ತೆಗಳ ಪಟ್ಟಿ, ಆಮೇಲೆ ಆ ಬೋರ್‌ವೆಲ್ ಬಿಲ್ಲು.